ಗಲ್ಲದೊಳಗಿನ ಗುಟ್ಟು

ಸಿಗರೇಟು ಬಿಡುವುದಕ್ಕೆ ಬೇಕಾದದ್ದು ಮನೋಬಲ ಒಂದೇ ಎಂದು ನಾನು ಕಪನೂರಿನ ಬೇಳೆ ಮಿಲ್ಲಿನ ಗೇಟಿನ ಹೊರಗೆ ನಿಂತು ಎಷ್ಟೋ ಜನರಿಗೆ ಉಪದೇಶ ಮಾಡಿದ್ದೇನೆ. ಉಪದೇಶ ಮಾಡುವಾಗ ಕೈಯಲ್ಲಿ ಸಿಗರೇಟು ಇರುತ್ತಿತ್ತು ಎಂಬುದು ಬೇರೆ ಮಾತು. ಮನೋಬಲ ನನ್ನಲ್ಲಿ ಧಾರಾಳವಾಗಿದೆ, ಬಳಸದೆ ಹಾಗೇ ಇಟ್ಟಿದ್ದೇನೆ, ಬೇಕಾದ ದಿನ ತೆಗೆದರಾಯಿತು ಎಂದು ಇಪ್ಪತ್ತೆಂಟು ವರ್ಷ ನಂಬಿಕೊಂಡಿದ್ದೆ.

ಆ ದಿನ ಬಂತು. ಹೆರಿಗೆಗೆಂದು ಕಮಲಾಪುರದ ತವರಿಗೆ ಹೋಗಿದ್ದ ಸೊಸೆ ನೇತ್ರಾ ಗಂಡುಮಗುವನ್ನು ಹೆತ್ತಳು. ನಾನು ಅಜ್ಜನಾದೆ! ದವಾಖಾನೆಗೆ ಓಡಿಹೋಗಿ ಎರಡೂ ಕೈ ಚಾಚಿದೆ. ನೇತ್ರಾ ಕೈ ನೋಡಲಿಲ್ಲ. ಅಂಗಿಯ ವಾಸನೆ ನೋಡಿದಳು.

“ಸಿಟ್ಟಾಗಬ್ಯಾಡ್ರಿ ಮಾವಾರ,” ಎಂದಳು ಮೆಲ್ಲಗೆ. “ಸಿಗರೇಟ್ ಬಿಟ್ಟು ಬರ್ರಿ, ಆಮ್ಯಾಲ ಎತ್ಕೋರಿ. ತೊಟ್ಟಿಲಕ್ಕ ಇನ್ನಾ ಒಂದು ತಿಂಗಳದ.”

ಪಕ್ಕದಲ್ಲಿ ಅವಳ ತಂದೆ, ನಮ್ಮ ಬೀಗರು ಬಸಣ್ಣಪ್ಪನವರು ನಿಂತಿದ್ದರು. ಅವರು ನಿವೃತ್ತ ಆರೋಗ್ಯ ನಿರೀಕ್ಷಕರು. ಸುತ್ತಲಿನ ಹಳ್ಳಿಗಳ ಶಾಲೆಗಳಲ್ಲಿ ಕರೀ ಶ್ವಾಸಕೋಶದ ಚಿತ್ರ ತೂಗುಹಾಕಿ ತಂಬಾಕಿನ ಮೇಲೆ ಭಾಷಣ ಮಾಡುತ್ತಲೇ ಸರ್ವಿಸ್ ಮುಗಿಸಿದವರು. ಈಗ ಅವರು ನನ್ನನ್ನು ನೋಡಿದ ರೀತಿಗೂ ಆ ಚಿತ್ರವನ್ನು ನೋಡುವ ರೀತಿಗೂ ವ್ಯತ್ಯಾಸವಿರಲಿಲ್ಲ. ಬೀಗರ ಎದುರು ಬಾಗುವುದುಂಟೇ? ಎದೆ ಸೆಟೆಸಿ ಘೋಷಿಸಿದೆ.

“ಇವತ್ತಿಂದ ಬಿಟ್ಟೆ ಅಂತ ತಿಳೀರಿ ಬೀಗರ. ಮನಸ್ಸು ಗಟ್ಟಿ ಇದ್ರ ಔಷಧ ಗಿವಷಧ ಏನೂ ಬೇಕಾಗಿಲ್ಲ.”

ನನ್ನ ಮನೋಬಲ ಮರುದಿನ ಬೆಳಿಗ್ಗೆ ಹತ್ತು ಗಂಟೆಯವರೆಗೆ ಬಾಳಿಕೆ ಬಂತು.

ಹತ್ತಕ್ಕೆ ಕೈ ನಡುಗಿತು. ಹನ್ನೊಂದಕ್ಕೆ ಮಿಲ್ಲಿನ ತೂಕದ ಯಂತ್ರದ ಜೊತೆ ಜಗಳವಾಯಿತು. ಹನ್ನೆರಡಕ್ಕೆ ಎದೆ ಡಬಡಬ ಹೊಡೆದುಕೊಳ್ಳತೊಡಗಿದಾಗ, ಮೊಮ್ಮಗನ ತೊಟ್ಟಿಲಿಗಿಂತ ಮೊದಲೇ ನನ್ನ ತಿಥಿ ಆಗುತ್ತದೆ ಎಂದು ಖಾತ್ರಿಯಾಗಿ ಡಾಕ್ಟರ ಬಳಿ ಓಡಿದೆ. ಕೊನೆಯ ಮಾತುಗಳನ್ನು ದಾರಿಯಲ್ಲೇ ಜೋಡಿಸಿಕೊಂಡಿದ್ದೆ. ಅವರು ಅವನ್ನು ಕೇಳಲಿಲ್ಲ. ಎದೆ ಪರೀಕ್ಷಿಸಿ, ಇದು ಸಾಯುವ ಲಕ್ಷಣವಲ್ಲ, ದೇಹ ನಿಕೋಟಿನ್ ಕೇಳುತ್ತಿರುವ ಲಕ್ಷಣ ಎಂದರು. ಹೊಗೆಯಿಲ್ಲದೆ ಅದನ್ನೇ ಸ್ವಲ್ಪ ಸ್ವಲ್ಪ ಕೊಟ್ಟು, ಬರಬರುತ್ತ ಕಡಿಮೆ ಮಾಡಿ ಬಿಡಿಸುವ ಒಂದು ಗಮ್ ಬರೆದುಕೊಟ್ಟರು.

ರೋಜಾ ಬಡಾವಣೆಯ ಹತ್ತಿರದ ಔಷಧದಂಗಡಿಯ ಚಾಚಾ ಅದನ್ನು ಕೊಡುವಾಗ ನನ್ನ ಮುಖ ನೋಡಿಯೇ ಎಚ್ಚರಿಸಿದರು.

“ಸಾಬ್, ಇದು ಪಾನ್ ಅಲ್ರಿ. ಆಹಿಸ್ತಾ, ನಿಧಾನಕ್ಕ ಹತ್ತು ಸಲ ಜಗೀರಿ, ಚುರುಚುರು ಅಂದಕೂಡ್ಲೆ ಗಲ್ಲದಾಗ ಇಡ್ರಿ, ಚುಪ್ ಕುಂದರ್ರಿ.”

ಗಮ್ಮಿನ ಜೊತೆ ಬಂದ ಚೀಟಿಯನ್ನು ನಾನು ಏಳು ಸಲ ಓದಿದೆ. ಚಿಂತೆ ಮಾಡುವ ಸ್ವಭಾವದವನಿಗೆ ಔಷಧದ ಚೀಟಿಯಷ್ಟು ರುಚಿಯಾದ ಓದು ಬೇರೊಂದಿಲ್ಲ. ಜೋರಾಗಿ ಜಗಿದರೆ ಬಿಕ್ಕಳಿಕೆ, ಗಂಟಲುರಿ, ತಲೆಸುತ್ತು ಬರಬಹುದು ಎಂದಿತ್ತು. ಜಗಿಯುವ ಮುಂಚೆ ಕಾಲು ಗಂಟೆ ಮತ್ತು ಜಗಿಯುವಾಗ ಏನನ್ನೂ ತಿನ್ನಬಾರದು, ಕುಡಿಯಬಾರದು. ನಿಂಬೆಹುಳಿ, ಚಹಾ ಬಿದ್ದರೆ ಗಮ್ಮು ಕೆಲಸ ಮಾಡುವುದಿಲ್ಲ ಎಂದೂ ಇತ್ತು. ಇಷ್ಟೆಲ್ಲ ತಿಳಿದುಕೊಂಡು, ಮೊದಲನೆಯದನ್ನು ಎಲೆ-ಅಡಿಕೆಯ ಹಾಗೆ ಕಚಕಚ ಅಗಿದೆ. ದವಡೆಗೆ ಓದು ಬರುವುದಿಲ್ಲವಲ್ಲ! ಔಷಧದಂಗಡಿಯಿಂದ ಮನೆಯವರೆಗೆ ಆಟೋದಲ್ಲಿ ಬಿಕ್ಕುತ್ತಲೇ ಬಂದೆ. ಆಟೋದವನು ಮರುಗಿ, ಮನೆಯಲ್ಲಿ ಯಾರೋ ಬಹಳ ನೆನೆಯುತ್ತಿದ್ದಾರೆ ಎಂದು ಸಮಾಧಾನ ಹೇಳಿದ.

ಆದರೆ ಕಲಿತ ಮೇಲೆ ಗಮ್ಮು ಕೆಲಸ ಮಾಡಿತು. ಸುಳ್ಳಲ್ಲ. ಕೈನಡುಕ ನಿಂತಿತು, ತೂಕದ ಯಂತ್ರದ ಜೊತೆ ರಾಜಿಯಾಯಿತು. ಸಿಗರೇಟನ್ನು ಮುಟ್ಟಲಿಲ್ಲ. ಇದ್ದ ತೊಂದರೆ ಒಂದೇ. ಬೀಗರು ವಾರಕ್ಕೊಮ್ಮೆ ಫೋನ್ ಮಾಡಿ ನನ್ನ ಮನೋಬಲವನ್ನು ಹೊಗಳುತ್ತಿದ್ದರು, ನಾನು ಸ್ವೀಕರಿಸುತ್ತಿದ್ದೆ. ಔಷಧದ ಸಂಗತಿ ಹೊರಬಿದ್ದರೆ ಮಾನ ಹೋಗುತ್ತದೆಂದು ಗಮ್ಮುಗಳನ್ನೆಲ್ಲ ಹಾಳೆಯಿಂದ ಬಿಡಿಸಿ, ನಮ್ಮವ್ವನ ಹಳೆಯ ಏಲಕ್ಕಿಯ ಹಿತ್ತಾಳೆ ಡಬ್ಬಿಯಲ್ಲಿ ತುಂಬಿಸಿಟ್ಟೆ. ಹೆಂಡತಿ ಶಾಂತಾಳಿಗೂ ಹೇಳಲಿಲ್ಲ. ಚೀಟಿಯನ್ನು ಮಾತ್ರ ಕಿಸೆಯಲ್ಲೇ ಇಟ್ಟುಕೊಂಡೆ. ಏನಾದರೂ ಹೆಚ್ಚುಕಡಿಮೆಯಾದರೆ?

ತೊಟ್ಟಿಲ ದಿನ ಶಾಂತಾ, ಮಗಳು, ನಾನು ಕಮಲಾಪುರದ ಬಸ್ಸು ಹಿಡಿದೆವು. ಬಸ್ಸು ಇಳಿಯುವ ಮುಂಚೆ ಒಂದು ಗಮ್ಮು ಜಗಿದು ಎಡಗಲ್ಲದಲ್ಲಿ ಇಟ್ಟುಕೊಂಡೆ. ಮೊಮ್ಮಗನನ್ನು ಎತ್ತಿಕೊಳ್ಳುವಾಗ ಕೈ ನಡುಗಬಾರದು ಎಂಬ ಮುಂದಾಲೋಚನೆ!

ಚೀಟಿ ಬರೆದವರಿಗೆ ಬೀಗತನದ ಅನುಭವವಿರಲಿಲ್ಲ. ಹೊಸ್ತಿಲು ದಾಟುತ್ತಲೇ ನಿಂಬೆಹಣ್ಣಿನ ಶರಬತ್ತು ಬಂತು. ಒಲ್ಲೆನೆಂದರೆ ಬೀಗರಿಗೆ ಅವಮಾನ. ಕುಡಿದೆ. ಹಿಂದೆಯೇ ಚಹಾ ಬಂತು, ಕುಡಿದೆ. ಚಹಾದ ಹಿಂದೆ ಅವರ ತೋಟದ ಕೆಂಪು ಬಾಳೆಹಣ್ಣು. ಗಮ್ಮು ಎಡಗಲ್ಲದಿಂದ ಬಲಗಲ್ಲಕ್ಕೆ, ಬಲಗಲ್ಲದಿಂದ ಎಡಗಲ್ಲಕ್ಕೆ ವಲಸೆ ಹೋಗುತ್ತ, ಕೆಲಸ ಮಾಡುವುದನ್ನು ಮರೆತಿತು. ಕೈ ನಡುಗಿತು. ಹಿತ್ತಲಿಗೆ ಹೋಗಿ ಹಳೆಯದನ್ನು ಕಾಗದದಲ್ಲಿ ಸುತ್ತಿ ಎಸೆದು, ಹೊಸದನ್ನು ಬಾಯಿಗೆ ಹಾಕಿ ತಿರುಗಿದರೆ, ಬೀಗರು ನಿಂತಿದ್ದಾರೆ! ಅವರ ದೃಷ್ಟಿ ನನ್ನ ಗಲ್ಲದ ಉಬ್ಬಿನ ಮೇಲಿತ್ತು. ಅಲ್ಲಿಂದ ಇಳಿದು ಕೈಯಲ್ಲಿದ್ದ ಹಿತ್ತಾಳೆ ಡಬ್ಬಿಗೆ ಬಂತು.

ನಮ್ಮ ಕಡೆ ಗಲ್ಲ ಉಬ್ಬಿಸಿಕೊಂಡು, ಕೈಯಲ್ಲಿ ಡಬ್ಬಿ ಹಿಡಿದು, ಮಾತಿಲ್ಲದೆ ನಿಂತ ಮನುಷ್ಯನ ಬಗ್ಗೆ ಜನ ಒಂದೇ ತೀರ್ಮಾನಕ್ಕೆ ಬರುತ್ತಾರೆ. ಅದಕ್ಕೆ ಆರೋಗ್ಯ ನಿರೀಕ್ಷಕರೇ ಆಗಬೇಕಿಲ್ಲ.

“ಗಲ್ಲದಾಗ ಏನದ ಬೀಗರ?”

“ಏನಿಲ್ರಿ. ಪುದೀನಾ ಗುಳಿಗಿ. ಬಾಯಿ ಘಮ್ ಅನ್ಲಿ ಅಂತ.”

“ಹಂಗಾರ ನಮಗೂ ಒಂದು ಕೊಡ್ರಿ.”

ಅವರ ಜಾಣತನ ನೋಡಿ! ಕೊಡದಿದ್ದರೆ ಅದು ಗುಟ್ಕಾ ಎಂದು ಸಾಬೀತು. ನೇತ್ರಾಳ ಕಿವಿಗೆ ಬೀಳುತ್ತದೆ, ಮೊಮ್ಮಗ ಕೈಗೆ ಬರುವುದಿಲ್ಲ. ಔಷಧ ಎಂದರೆ ತಿಂಗಳಿಡೀ ಸ್ವೀಕರಿಸಿದ ಹೊಗಳಿಕೆಯನ್ನು ವಾಪಸು ಮಾಡಬೇಕು. ಯೋಚಿಸಲು ಸಮಯವಿರಲಿಲ್ಲ. ಕೊಟ್ಟೆ.

ಆಹಿಸ್ತಾ ಜಗಿಯಬೇಕು ಎಂದು ಹೇಳಲು ಬಾಯಿ ತೆರೆದೆ. ಪುದೀನಾ ಗುಳಿಗೆಯನ್ನು ಆಹಿಸ್ತಾ ಜಗಿಯಿರಿ ಎಂದು ಯಾರಾದರೂ ಹೇಳುತ್ತಾರೆಯೇ? ಬಾಯಿ ಮುಚ್ಚಿದೆ. ಬೀಗರು ಕಟಕಟ ಜಗಿಯುತ್ತ, ಖಾರ ಬಾಳ ಅದ ಎನ್ನುತ್ತ, ತೊಟ್ಟಿಲ ಹತ್ತಿರ ಹೋದರು. ಆತಂಕದಲ್ಲಿ ನಾನೂ ಕಟಕಟ ಜಗಿಯುತ್ತ ಹಿಂಬಾಲಿಸಿದೆ.

ಮನೆ ತುಂಬ ಹೆಂಗಸರು. ಸೋದರತ್ತೆಯಾದ ನನ್ನ ಮಗಳು ಕೂಸಿನ ಕಿವಿಯಲ್ಲಿ ಹೆಸರು ಹೇಳಲು ಬಾಗಿದಳು. ಎಲ್ಲರೂ ಸುಮ್ಮನಾದರು. ಆ ಮೌನದಲ್ಲಿ ತೊಟ್ಟಿಲಿನ ಆಚೆಯಿಂದ ಬೀಗರು “ಬಿಕ್” ಎಂದರು. ಈಚೆಯಿಂದ ನಾನು “ಬಿಕ್” ಎಂದೆ. ಅವರು ಮತ್ತೆ. ನಾನು ಮತ್ತೆ. ಪ್ರಶ್ನೋತ್ತರ ನಡೆದ ಹಾಗಿತ್ತು. ಹೆಸರು ಕೂಸಿಗೆ ಕೇಳಿಸಿತೋ ಇಲ್ಲವೋ! ಇಬ್ಬರು ಅಜ್ಜಂದಿರನ್ನೂ ಒಟ್ಟಿಗೆ ನೆನೆಯುತ್ತಿರುವವರು ಯಾರು ಎಂದು ಹೆಂಗಸರಲ್ಲಿ ಚರ್ಚೆ ಶುರುವಾಯಿತು. ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ಪದ್ಧತಿಯಂತೆ ಗುದ್ದಲು ಕಾದಿದ್ದ ಮುದುಕಿಯೊಬ್ಬರು, ಬಿಕ್ಕಳಿಕೆಗೂ ಅದೇ ಮದ್ದೆಂದು ನನ್ನ ಬೆನ್ನಿಗೂ ನಾಲ್ಕು ಗುದ್ದಿದರು.

ಅಷ್ಟರಲ್ಲಿ ಬೀಗರು ತಲೆ ಹಿಡಿದುಕೊಂಡು ಗೋಡೆಗೆ ಒರಗಿ ಕುಳಿತರು. ಮುಖ ಬೆವೆತಿತ್ತು. ಜೀವಮಾನದಲ್ಲಿ ತಂಬಾಕು ಮುಟ್ಟದ ಮನುಷ್ಯ! ಬಿ.ಪಿ. ಇತ್ತೋ ಏನೋ! ಮೊಮ್ಮಗನ ತೊಟ್ಟಿಲ ದಿನವೇ ಬೀಗರನ್ನು ಕೊಂದ ಅಜ್ಜ ಎಂದು ಕಮಲಾಪುರದಲ್ಲಿ ಖ್ಯಾತನಾಗುವುದಕ್ಕಿಂತ, ಕೂಸನ್ನು ಎತ್ತಿಕೊಳ್ಳದೆ ಇರುವುದೇ ಮೇಲು ಎನಿಸಿತು. ಕಿಸೆಯಿಂದ ಚೀಟಿ ತೆಗೆದೆ.

“ಉಗುಳ್ರಿ ಬೀಗರ. ಅದು ಪುದೀನಾ ಅಲ್ಲ, ನಿಕೋಟಿನ್ ಗಮ್ಮು. ಸಿಗರೇಟ್ ಬಿಡ್ಲಿಕ್ಕ ನಾ ತಿನ್ನೋ ಔಷಧ. ನನಗ ಮನೋಬಲ ಗಿನೋಬಲ ಏನೂ ಇಲ್ರಿ.”

ನಡುನಡುವೆ ಬಿಕ್ಕುತ್ತ ಇಷ್ಟನ್ನು ಹೇಳಿ ಮುಗಿಸಲು ಒಂದು ನಿಮಿಷ ಹಿಡಿಯಿತು. ಬೀಗರು ಉಗುಳಿದರು. ಫೋನಿನಲ್ಲಿ ಡಾಕ್ಟರು, ಒಂದೇ ಗಮ್ಮಿಗೆ ಗಾಬರಿ ಬೇಡ, ಮಲಗಿಸಿ, ನೋಡುತ್ತಿರಿ ಎಂದರು. ಅರ್ಧ ಗಂಟೆಯಲ್ಲಿ ಬೀಗರ ತಲೆಸುತ್ತು ಇಳಿದು, ಬಿಕ್ಕಳಿಕೆಯೊಂದು ಉಳಿಯಿತು. ಅವರು ಕನ್ನಡಕ ತರಿಸಿ, ಮಲಗಿದಲ್ಲೇ ಚೀಟಿಯನ್ನು ಆದ್ಯಂತ ಓದಿ, ತಮ್ಮ ಸರ್ವಿಸ್ಸಿನ ಭಾಷಣಗಳನ್ನೆಲ್ಲ ನೆನೆಸಿಕೊಂಡವರಂತೆ ಕಣ್ಣು ಮುಚ್ಚಿದರು.

ನಾನು ಮೂಲೆಯಲ್ಲಿ ನಿಂತಿದ್ದೆ. ಈ ಬೇಳೆ ಮಿಲ್ಲಿನ ಮನುಷ್ಯನಿಗೆ ಮೊಮ್ಮಗನ ಯೋಗವಿಲ್ಲ ಎಂದುಕೊಳ್ಳುವಷ್ಟರಲ್ಲಿ ನೇತ್ರಾ ಕೂಸನ್ನು ಎತ್ತಿಕೊಂಡು ಬಂದಳು.

“ಔಷಧ ತಗೊಂಡಿದ್ದು ಚಲೋ ಆತು ಮಾವಾರ. ಅಪ್ಪನ ಬಾಯಿಗಿ ಹಾಕಿದ್ದೇ ತಪ್ಪಾತು. ಕೈ ತೊಳ್ಕೊಂಡು ಬರ್ರಿ.”

ನಿನಗೆ ಆಶ್ಚರ್ಯವಾಗಲಿಲ್ಲವೇ ಎಂದು ಕೇಳಿದೆ. ಉತ್ತರ ಕೊಟ್ಟವಳು ಶಾಂತಾ.

“ಅಂಗಿ ಒಗಿಯೋರು ಯಾರ್ರಿ? ಎರಡನೇ ದಿನಾನೇ ಕಿಸೆದಾಗ ಚೀಟಿ ಸಿಕ್ಕಿತ್ತು. ಅವತ್ತೇ ಇಕಿಗಿ ಫೋನ್ ಮಾಡಿ ಹೇಳೀನಿ.”

ಅಂದರೆ ನನ್ನ ಗುಟ್ಟು ನಮ್ಮವರಲ್ಲಿ ಗೊತ್ತಿಲ್ಲದೆ ಉಳಿದಿದ್ದು ಒಬ್ಬರಿಗೇ. ಅವರ ಬಾಯಿಗೇ ನಾನು ಅದನ್ನು ಹಾಕಿದ್ದೆ.

ನೇತ್ರಾ ಕೂಸನ್ನು ನನ್ನ ತೋಳಿಗೆ ಕೊಟ್ಟಳು. ಹತ್ತಿಯ ಅರಳೆಯಂಥ ತೂಕ. ನಿದ್ದೆ ಕೆಡಬಾರದೆಂದು, ಗಂಟಲಿಗೆ ಬಂದ ಬಿಕ್ಕನ್ನು ಇದ್ದಬದ್ದ ಮನೋಬಲವನ್ನೆಲ್ಲ ಕೂಡಿಸಿ ತಡೆಹಿಡಿದೆ. ಐವತ್ನಾಲ್ಕು ವರ್ಷಗಳಲ್ಲಿ ನನ್ನ ಮನೋಬಲ ಕೆಲಸ ಮಾಡಿದ್ದು ಅದೊಂದೇ ಸಲ.

ಹತ್ತು ಸೆಕೆಂಡು.