ಒಲೆ ಹಚ್ಚದ ಭಾನುವಾರ

ಸಿಂಗಪುರದಲ್ಲಿ ಎರಡು ಇಡ್ಲಿಗೆ ಮುನ್ನೂರು ರೂಪಾಯಿ ಎಂದು ಯಾರೋ ಪುಣ್ಯಾತ್ಮ ಮೊಬೈಲಿನ ವಿಡಿಯೊದಲ್ಲಿ ಹೇಳಿದ್ದೇ ಎಲ್ಲಕ್ಕೂ ಮೂಲವಾಯಿತು.

ಪಾಂಡವಪುರದ ಕಾಲೇಜೊಂದರ ಗುಮಾಸ್ತ ಚಲುವರಾಜು ಅದನ್ನು ನೋಡಿ ಬೆವರಿದ. ತಾನು, ಹೆಂಡತಿ ಸುನಿತಾ, ಮಗಳು ಸ್ನೇಹ: ಮೂರು ಹೊಟ್ಟೆ, ಐದು ದಿನ, ದಿನಕ್ಕೆ ಮೂರು ಹೊತ್ತು. ವಿಮಾನ, ರೂಮು ಪ್ಯಾಕೇಜಿನಲ್ಲಿತ್ತು, ಊಟ ಮಾತ್ರ ಅವರವರದೇ. ಇಡ್ಲಿಗೇ ಇಷ್ಟಾದರೆ ಊಟಕ್ಕೆ ಇನ್ನೆಷ್ಟೋ! ಅದಕ್ಕೆಂದು ತೆಗೆದಿಟ್ಟಿದ್ದ ಇಪ್ಪತ್ತು ಸಾವಿರ ನಾಲ್ಕನೇ ದಿನಕ್ಕೇ ಕೈಕೊಡುವಂತಿತ್ತು.

ಹಾಗೆಂದು ಪ್ರವಾಸ ಬಿಡುವಂತೆಯೂ ಇರಲಿಲ್ಲ. ಮದುವೆಯಾಗಿ ಹದಿನಾರು ವರ್ಷದಲ್ಲಿ ಸುನಿತಾ ನೋಡಿದ ಅತಿ ದೂರದ ಊರೆಂದರೆ ಮೇಲುಕೋಟೆ. ಪಾಪ, ವಿಮಾನಕ್ಕೆಂದು ಕೊಂಡ ಶೂ ಹಾಕಿಕೊಂಡು ಒಂದು ವಾರದಿಂದ ಅಡುಗೆಮನೆಯಲ್ಲೇ ನಡೆದು ಅಭ್ಯಾಸ ಮಾಡುತ್ತಿದ್ದಳು.

ಚಲುವರಾಜು ಉಪಾಯ ಹುಡುಕಿದ. ಒಂದು ಕರೆಂಟಿನ ಕೆಟಲು, ಕಪ್ ನೂಡಲ್ಸ್, ಬ್ರೆಡ್ಡು, ಅವಲಕ್ಕಿ. ಇಷ್ಟರಲ್ಲೇ ಬದುಕಲು ಆಗುತ್ತದೋ ಇಲ್ಲವೋ ಎಂದು ಮೊದಲು ಮನೆಯಲ್ಲೇ ಒಂದು ದಿನ ರಿಹರ್ಸಲ್.

"ಭಾನುವಾರ ಪೂರ್ತಿ ಇದೇ ಸಿಂಗಪುರ," ಎಂದ. "ಒಲೆ ಹಚ್ಚಂಗಿಲ್ಲ. ರೋಮಿಂಗ್ ದುಡ್ಡು ಜಾಸ್ತಿ, ಅದ್ಕೆ ಪೋನೂ ಆಫು. ಬಾಗ್ಲು ಹಾಕಿರ್ಲಿ, ಓಟ್ಲು ರೂಮಿದ್ದಂಗೆ. ಯಾರ್ಗೂ ಹೇಳ್ಬ್ಯಾಡ, ಜಿಪುಣ ಅಂತಾರೆ."

ಬೆಳಗಿನ ಬ್ರೆಡ್ಡು ಹತ್ತು ಗಂಟೆಗೇ ಕರಗಿಹೋಯಿತು. ಹನ್ನೊಂದಕ್ಕೆ ತಿಂದ ನೂಡಲ್ಸ್ ಹೊಟ್ಟೆಯ ಯಾವ ಮೂಲೆ ಸೇರಿತೋ ಗೊತ್ತಾಗಲಿಲ್ಲ. ದಿನಾ ಎರಡು ಮುದ್ದೆ ನುಂಗುವ ಚಲುವರಾಜು ತಲೆಸುತ್ತಿ, ಮುಖದ ಮೇಲೆ ಬಿಳಿ ಪಂಚೆ ಎಳೆದುಕೊಂಡು ಚಾಪೆ ಮೇಲೆ ಉದ್ದಕ್ಕೆ ಮಲಗಿದ.

ಅಷ್ಟರಲ್ಲಿ ಪಕ್ಕದ ಮನೆಯ ದ್ಯಾವಮ್ಮ ಬಾಗಿಲು ತಟ್ಟಿದಳು. ಈ ಮನೆಯಿಂದ ಒಗ್ಗರಣೆ ವಾಸನೆ ಬರದ ಭಾನುವಾರವನ್ನು ಅವಳು ಕಂಡಿರಲಿಲ್ಲ. ನೂಡಲ್ಸಿನ ಖಾರಕ್ಕೆ ಕಣ್ಣು ಕೆಂಪಾಗಿದ್ದ ಸುನಿತಾ ಮೂಗು ಒರೆಸಿಕೊಳ್ಳುತ್ತಾ ಕದ ತೆಗೆದಳು.

"ಯಾಕವ್ವ, ಒಲೆ ಹಚ್ಚಿಲ್ವಾ?"

"ಇವತ್ತು ಹಚ್ಚಂಗಿಲ್ಲ ಕಣಕ್ಕ."

"ನಿಮ್ ಯಜಮಾನ್ರು?"

"ಮಲ್ಗವ್ರೆ. ಏಳ್ಸುದ್ರೂ ಏಳ್ತಿಲ್ಲ."

ದ್ಯಾವಮ್ಮ ಒಳಗೆ ಇಣುಕಿದಳು. ಚಾಪೆ ಕಂಡಿತು, ಪಂಚೆ ಕಂಡಿತು, ಪಂಚೆಯ ಹೊರಗೆ ಎರಡು ಪಾದ ಕಂಡವು. ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದಳು. ಅವಳ ಮಗ ಸಿದ್ದರಾಜು ಪರೋಪಕಾರದಲ್ಲಿ ಎತ್ತಿದ ಕೈ. ಚಲುವರಾಜುವಿನ ಫೋನಿಗೆ ಮಾಡಿದ, ಸ್ವಿಚ್ ಆಫ್. ಸುನಿತಾಳದ್ದಕ್ಕೂ ಮಾಡಿದ, ಅದೂ ಆಫ್. ಇನ್ನು ಅನುಮಾನವೇನು ಎಂದು ಸಿಂಧಘಟ್ಟದ ನೆಂಟರಿಗೆಲ್ಲ ಸುದ್ದಿ ಮುಟ್ಟಿಸಿ, ಬೀದಿಯಲ್ಲಿ ನೆರಳು ಹಾಕಲು ಶಾಮಿಯಾನದವನಿಗೂ ಹೇಳಿಬಿಟ್ಟ.

ಎರಡು ಗಂಟೆಗೆ ಟೆಂಪೊ ತುಂಬ ಜನ ಬಂದಿಳಿದರು. ಮುಂದೆ ಸೋದರತ್ತೆ ಚಿಕ್ಕಬೋರಮ್ಮ, ಹಿಂದೆ ಅವಳ ಗಂಡ ಕೆಂಪಣ್ಣ.

"ಅಯ್ಯೋ ನನ್ ಕಂದ, ನಂಗಿಂತ ಮುಂಚೆ ಓಗ್ಬುಟ್ಯಲ್ಲಾ," ಎಂದು ಚಿಕ್ಕಬೋರಮ್ಮ ಎದೆ ಬಡಿದುಕೊಳ್ಳುವ ಹೊತ್ತಿಗೆ ಕಂದ ಕೆಟಲು ಹಿಡಿದುಕೊಂಡು ಹೊಸ್ತಿಲಿಗೆ ಬಂದ.

ಅಳು ಅರ್ಧಕ್ಕೆ ನಿಂತಿತು. ಹಾರ ಹಿಡಿದು ಬಂದಿದ್ದ ಸಿದ್ದರಾಜು ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಏನ್ಲಾ ಚಲುವ ಇದು? ಯಾಕ್ಲಾ ಇಂಗ್ ಮಾಡ್ದೆ?" ಎಂದಳು ಅತ್ತೆ.

ಊಟದ ಖರ್ಚು ಉಳಿಸಲು ಎಂದು ಇಷ್ಟು ಜನರ ಮುಂದೆ ಹೇಗೆ ಹೇಳುವುದು? ಅಷ್ಟರಲ್ಲಿ ಕೆಂಪಣ್ಣನೇ ದಾರಿ ತೋರಿಸಿದ.

"ತಲೆ ಮ್ಯಾಲೆ ಕಾಗೆ ಕುಂತಿತ್ತೇನ್ಲಾ?"

ತಲೆಗೆ ಕಾಗೆ ತಾಕಿದವನಿಗೆ ಕಂಟಕ, ಸತ್ತನೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸಿ ಅಳಿಸಿದರೆ ಆ ದೋಷ ಕಳೆಯುತ್ತದೆ ಎಂಬುದು ಹಳೆಯ ನಂಬಿಕೆ. ಮುಳುಗುವವನಿಗೆ ಹಗ್ಗ ಸಿಕ್ಕಂತಾಯಿತು.

"ಊಂ ಕಣ್ ಮಾವ. ನೆನ್ನೆ ಸಂಜೆ. ಸರ್ಯಾಗಿ ನಡುನೆತ್ತಿಗೆ," ಎಂದ.

ಎಲ್ಲರ ಮುಖ ಅರಳಿತು. ಅಂಥ ಸಂಕಟದಲ್ಲಿ ನಮ್ಮನ್ನೇ ನೆನೆದನಲ್ಲ ಎಂದು ಅತ್ತೆ ಅವನ ಕೆನ್ನೆ ಸವರಿದಳು. ಸವರಿ, "ಅತ್ತೋರ್ನ ಬರೀ ಹೊಟ್ಟೇಲಿ ಕಳುಸ್ಬಾರ್ದು ಕಣಪ್ಪ. ಬಾಡೂಟನೇ ಆಗ್ಲಿ," ಎಂದಳು.

ಬೀದಿಗೆ ಬೀದಿಯೇ ಸೇರಿ ನಲವತ್ತು ಎಲೆ ಎದ್ದವು. ಮಟನ್ನು, ಕೋಳಿ, ಅಡುಗೆಯವರ ಕೂಲಿ, ಟೆಂಪೊ ಬಾಡಿಗೆ, ಬಂದ ತಪ್ಪಿಗೆ ಶಾಮಿಯಾನದವನಿಗೂ ಒಂದಿಷ್ಟು. ಕೈತೊಳೆಯುವ ಹೊತ್ತಿಗೆ ಇಪ್ಪತ್ತು ಸಾವಿರದಲ್ಲಿ ಉಳಿದದ್ದು ನೂರಾ ನಲವತ್ತು ರೂಪಾಯಿ.

ಚಲುವರಾಜು ಅಡುಗೆಮನೆಯ ಮೂಲೆಯಲ್ಲಿ ತಲೆ ಮೇಲೆ ಕೈಹೊತ್ತು ಕುಳಿತ. ಸುನಿತಾ ಪಕ್ಕ ಬಂದು ಕುಳಿತಳು.

"ಓಗ್ಲಿ ಬುಡಿ. ಐದ್ ದಿನ ನೂಡಲ್ಸೇ ತಿನ್ನವ. ನಂಗೆ ಇಮಾನ ಅತ್ತುದ್ರೆ ಸಾಕು," ಎಂದಳು.

ಅವನಿಗೆ ಹೆಂಡತಿಯ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ಫೋನು ಆನ್ ಮಾಡಿದ. ಶ್ರೀರಂಗಪಟ್ಟಣದ ಟ್ರಾವೆಲ್ಸ್ ಶಂಕರನಿಂದ ಒಂಬತ್ತು ಮಿಸ್ಡ್ ಕಾಲ್. ಏನೆಂದು ಕೇಳಲು ಹೊರಡುವಷ್ಟರಲ್ಲಿ ಸಿದ್ದರಾಜುವೇ ಎಲೆ ಅಡಿಕೆ ಜಗಿಯುತ್ತಾ ಒಳಗೆ ಬಂದ.

"ಅಣ್ಣ, ಶಂಕರಣ್ಣ ನಿಮ್ಗೆ ಮಾಡಿ ಮಾಡಿ ಸಾಕಾಗಿ ನಂಗೆ ಮಾಡಿದ್ದ. ಐದು ಗಂಟೆ ಒಳ್ಗೆ ಬೆಂಗ್ಳೂರಿಗೆ ಓಗೋರ್ ಎಸ್ರು ಕಳುಸ್ಬೇಕಿತ್ತಂತೆ. ಚಿಕ್ಕಬೋರಮ್ಮಾರ್ನ ಕೇಳ್ದೆ. ಕಾಗೆ ಕುಂತ ತಲೆ ಒಂದ್ ವರ್ಸ ನೀರು ದಾಟ್ಬಾರ್ದು ಅಂದ್ರು. ಅಂಗಂತ ಹೇಳ್ದೆ."

"ಹೇಳ್ಬುಟ್ಟಾ?"

"ಮೂರು ಸೀಟು ಸುಮ್ನೆ ಆಳಾಯ್ತವೆ ಅಂತ ಅವ್ನು ಒದ್ದಾಡ್ತಿದ್ದ. ನಮ್ ಮೂರು ಜನದ್ದೂ ಪಾಸ್‌ಪೋರ್ಟು ಮಾಡ್ಸಿ ಅಂಗೇ ಬಿದ್ದಿದ್ವು. ನಾನು, ನನ್ ಹೆಂಡ್ರು, ಅವ್ವ ಒಂಟೊ ಕಣಣ್ಣ. ನಿಮ್ ಅಡ್ವಾನ್ಸು ಎಲ್ಗೂ ಓಗಕಿಲ್ಲ, ಮುಂದ್ಲೊರ್ಸ ನೀವು ಓಗಿ."

ಕಾಗೆ ಕೂತಿರಲೇ ಇಲ್ಲ ಎನ್ನಲು ಚಲುವರಾಜು ಬಾಯಿ ತೆರೆದ. ಬಾಗಿಲಾಚೆ ಅಳಿಯನ ಆಯಸ್ಸು ಗಟ್ಟಿಯಾಯಿತೆಂದು ನಲವತ್ತು ಜನರಿಗೂ ಹೇಳಿಕೊಂಡು ನಗುತ್ತಿದ್ದ ಅತ್ತೆ ಕಂಡಳು. ತೆರೆದ ಬಾಯಿ ಮುಚ್ಚಿಕೊಂಡಿತು.

ಸುನಿತಾ ಮಾತ್ರ ತಡೆದುಕೊಳ್ಳಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಸದ್ದು ಕೇಳಿ ಚಿಕ್ಕಬೋರಮ್ಮ ಒಳಗೆ ಬಂದು ನೋಡಿ, ತೃಪ್ತಿಯಿಂದ ತಲೆದೂಗಿದಳು.

"ಅಳ್ಲಿ ಬುಡ್ಲಾ ಚಲುವ, ತಡೀಬ್ಯಾಡ. ನಾವೆಲ್ಲ ಅತ್ತುದ್ದು ಒಂದು ತೂಕ. ಕಟ್ಕಂಡೋಳೇ ಇಂಗೆ ಅತ್ರೆ, ಇದ್ದ ಚೂರುಪಾರು ದೋಸನೂ ಒಂಟೋಯ್ತದೆ."