ಮಾತ್ರೆಗೂ ಜೋಡಿ ಹುಡುಕಿದ್ದು

ಔಷಧಿ ಅಂಗಡಿಯಾಕೆಯನ್ನು ಮೊದಲ ನೋಟಕ್ಕೇ ತೂಗಿಬಿಟ್ಟೆ. ಮೂಗಿನ ತುದಿಯಲ್ಲಿ ಕನ್ನಡಕ, ನಗು ಕಮ್ಮಿ, ಹಿಮ್ಮಡಿ ಸವೆದ ಚಪ್ಪಲಿ. ಚಪ್ಪಲಿ ಮಾರಿಯೇ ತಲೆ ನರೆತ ನಾನು ಜನರನ್ನು ಅಳೆಯುವುದು ಕಾಲಿನಿಂದಲೇ. 'ಈಕೆ ನನಗೆ ಟೋಪಿ ಹಾಕಲಿ, ನೋಡೇಬಿಡೋಣ!' ಎಂದು ಎದೆಯುಬ್ಬಿಸಿ ನಿಂತೆ.

"ಹೆಂಡತಿಗೆ ಜ್ವರ, ನೆಗಡಿ. ಎರಡಕ್ಕೂ ಒಂದೊಂದು ಮಾತ್ರೆ ಕೊಡಿ."

"ನೆಗಡಿ ಮಾತ್ರೆಯಲ್ಲೇ ಜ್ವರದ ಔಷಧಿನೂ ಇದೆ. ಎರಡೂ ಒಟ್ಟಿಗೆ ಬೇಡ. ಅವರಿಗೆ ಹಿಂದೆ ಏನಾದ್ರೂ ಕಾಯಿಲೆ ಆಗಿತ್ತಾ?"

"ಮಾತ್ರೆ ಕೇಳಿದ್ದಮ್ಮಾ, ವಂಶಾವಳಿ ಯಾಕೆ?"

ಒಳಗೊಳಗೇ ನಕ್ಕೆ. 'ಇದು ನಿಮಗೆ ಬೇಡ ಬಿಡಿ ಸಾರ್' ಎಂದೇ ಅಲ್ಲವೇ ನಾನು ದುಬಾರಿ ಬೂಟುಗಳನ್ನು ಸಾಗಹಾಕುವುದು! ಬಿಲ್ಲಿಗೆ ಮನೆಯ ಫೋನ್ ನಂಬರು ಕೊಟ್ಟು ಜ್ವರದ ಮಾತ್ರೆ ಕೊಂಡೆ. ನೆಗಡಿಯದನ್ನು ಎದುರು ಅಂಗಡಿಯಲ್ಲಿ ಕೊಂಡೆ. ಮನೆಗೆ ಬಂದು ಹೆಂಡತಿಯ ಅಂಗೈಗೆ ಎರಡನ್ನೂ ಸುರಿದೆ.

"ಎರಡೂ ಒಟ್ಟಿಗೇನಾ ರೀ?"

"ಚಪ್ಪಲಿ ಅಂದ್ಮೇಲೆ ಜೋಡಿ ಇರಬೇಡ್ವೇನೇ? ನುಂಗು!" ಎಂದವನೇ ನನ್ನ ಅಂಗಡಿಗೆ ಹೊರಟೆ.

ಗಿರಾಕಿಯೊಬ್ಬನ ಪಾದ ಅಳೆಯುತ್ತ ಕರವಸ್ತ್ರಕ್ಕೆಂದು ಜೇಬಿಗೆ ಕೈಹಾಕಿದರೆ ಮಾತ್ರೆಯ ಸ್ಟ್ರಿಪ್ಪುಗಳು ಹೊರಬಿದ್ದವು. ಎರಡರ ಬೆನ್ನ ಮೇಲೂ ಒಂದೇ ಔಷಧಿಯ ಹೆಸರು! ಆಗ ನೆನಪಾಯಿತು. ಹಿಂದೊಮ್ಮೆ ಕಾಮಾಲೆಯಾಗಿ ಹೆಂಡತಿಯ ಲಿವರ್ ಕೆಟ್ಟಿತ್ತಲ್ಲ, ಈ ಔಷಧಿ ಹೆಚ್ಚಾಗಬಾರದೆಂದು ಡಾಕ್ಟರು ಹೇಳಿದ್ದರಲ್ಲ! ಫೋನ್ ಮಾಡಿದೆ. ರಿಂಗಾಯಿತು, ರಿಂಗಾಯಿತು, ನಿಂತುಹೋಯಿತು. ಮತ್ತೆ ಮಾಡಿದೆ. ಉತ್ತರವಿಲ್ಲ. ಸಿಕ್ಕಿದ್ದರಲ್ಲಿ ಕಾಲು ತೂರಿಸಿ ಓಡಿದೆ. "ರೀ, ನನ್ನ ಬೂಟು!" ಎಂದು ಗಿರಾಕಿ ಕೂಗಿದ್ದು ಬೇರಾರದೋ ಗೋಳಿನಂತೆ ಕೇಳಿಸಿತು.

ಹೆಂಡತಿ ಗೋಡೆಗೆ ಮುಖಮಾಡಿ ಮಲಗಿದ್ದಳು. ಅಲುಗಾಟವಿಲ್ಲ. ಬಾಗಿಲಲ್ಲೇ ನಿಂತೆ. ಹತ್ತಿರ ಹೋಗಿ ಮುಟ್ಟುವ ಧೈರ್ಯವೇ ಬರಲಿಲ್ಲ.

"ಏ... ಏಳೇ! ಏಳೇ ಮಾರಾಯ್ತಿ!"

"ಏನ್ರೀ ಅದು! ಒಳ್ಳೇ ನಿದ್ದೆ ಹತ್ತಿತ್ತು!"

ನಾನು ನೆಲಕ್ಕೆ ಕುಸಿದೆ. ಮೇಜಿನ ಮೇಲೆ ಎರಡೂ ಮಾತ್ರೆಗಳು ಹಾಗೇ ಇದ್ದವು.

"ನೀರು ಬಾಯಿಗಿಡೋ ಹೊತ್ತಿಗೆ ಔಷಧಿ ಅಂಗಡಿಯವರ ಫೋನ್ ಬಂತು. ನೀವು ಎದುರು ಅಂಗಡಿಗೆ ನುಗ್ಗಿದ್ದನ್ನ ನೋಡಿದ್ರಂತೆ. ಕಾಮಾಲೆ ವಿಷಯ ಹೇಳಿದೆ. ಎರಡನ್ನೂ ಮುಟ್ಟಬೇಡಿ, ಮೊದಲು ಡಾಕ್ಟರಿಗೆ ತೋರಿಸಿ ಅಂದ್ರು. ನೀವು ಬರಲಿ ಅಂತ ಮಲಗಿದ್ದೆ."

"ನನ್ನ ಬಗ್ಗೆ ಏನಂದ್ರು?"

"ಈ ಮನುಷ್ಯ ಹೇಳಿದ್ದು ಕೇಳೋನಲ್ಲ ಅಂತ ಮುಖ ನೋಡಿದಾಗಲೇ ಗೊತ್ತಾಯ್ತಂತೆ!"

ಅವಳ ಕಣ್ಣು ನನ್ನ ಪಾದಕ್ಕಿಳಿಯಿತು. ಒಂದರಲ್ಲಿ ನನ್ನ ಚಪ್ಪಲಿ, ಇನ್ನೊಂದರಲ್ಲಿ ಗಿರಾಕಿಯ ಬೂಟು.

"ಅಲ್ಲಾ ರೀ, ಚಪ್ಪಲಿ ಅಂದ್ಮೇಲೆ ಜೋಡಿ ಇರಬೇಡ್ವೇ?"

ನನ್ನನ್ನು ಆಡಿಕೊಳ್ಳಲು ಹೆಂಡತಿ ಇದ್ದಾಳೆ. ಅದಕ್ಕೆ ನಾನು ಆ ಔಷಧಿ ಅಂಗಡಿಯವರಿಗೆ ಋಣಿ.