ಮಾವ ಸೀಡಿ ಬರೆಸಿದ್ದು

ನನ್ನ ಸೋದರಮಾವ ಯಾವ ಸಾಮಾನನ್ನೂ ಕೊಳ್ಳುವುದಿಲ್ಲ. ಸಾಮಾನೇ ಬೇಸತ್ತು ಅವನ ಕೈಗೆ ಬಂದು ಬೀಳಬೇಕು! ಒಮ್ಮೆ ಕೊಡೆ ಕೊಳ್ಳಲು ಹೋದವನು ಮಳೆಗಾಲ ಮುಗಿದ ಮೇಲೆ ಬರಿಗೈಯಲ್ಲಿ ಮನೆಗೆ ಬಂದಿದ್ದ. ನಮ್ಮ ಕಡೆ ಮಳೆಗಾಲವೆನ್ನುವುದೇ ಬಂದ ಹಾಗೆ ಮಾಡಿ ಹೋಗುತ್ತದೆ, ಅದು ಬೇರೆ ಮಾತು. ಅಂಥವನು ಈಗ, ಜಗತ್ತೆಲ್ಲ ಫೋನಿನಲ್ಲಿ ಹಾಡು ಕೇಳುವ ಕಾಲದಲ್ಲಿ, ಮನೆಯಲ್ಲೇ ಸೀಡಿ ಬರೆಯುವ ಯಂತ್ರ ಕೊಳ್ಳುತ್ತೇನೆಂದು ಹೊರಟರೆ ಜೊತೆಗೆ ಹೋದವನ ಗತಿ ಏನಾಗಬೇಡ? ಜೊತೆಗೆ ಹೋದವನು ನಾನೇ.

“ಫೋನಿನ್ಯಾಗ ಹಾಕಿ ಕೊಡ್ತೇನಿ ಬಿಡು ಮಾವಾ” ಅಂದೆ.

“ನಿಮ್ಮವ್ವ ಫೋನಿನ ಗಾಜು ಸವರಿ ಏನು ಹುಡುಕ್ಬೇಕಲೇ? ಅಕಿಗೆ ಗುಂಡಿ ಬೇಕು” ಅಂದ.

ಅದು ಖರೆ. ನನ್ನ ಅವ್ವ, ಎಂದರೆ ಅವನ ಅಕ್ಕ, ಇಳಕಲ್ಲಿನಲ್ಲಿ ನಮ್ಮ ಜೊತೆಗೇ ಇದ್ದಾಳೆ. ಅವಳ ಎರಡೂ ಕಣ್ಣು ಹೆಚ್ಚುಕಡಿಮೆ ಹೋಗಿವೆ. ಆದರೆ ಹಳೆಯ ಸೀಡಿ ಪ್ಲೇಯರಿನ ದಪ್ಪ ಗುಂಡಿಗಳು ಅವಳ ಬೆರಳಿಗೆ ಗೊತ್ತು. ಸೀಡಿಗೆ ಬರೆಯಲು ಮಾವನ ಹತ್ತಿರ ಇದ್ದದ್ದು ಒಂದೇ ಒಂದು ಕ್ಯಾಸೆಟ್. ಹರೆಯದಲ್ಲಿ ರೇಡಿಯೋದಲ್ಲಿ ಹಾಡುವ ಹುಚ್ಚು ಹಿಡಿದಿದ್ದಾಗ, ಹಳೇ ಬಾಗಲಕೋಟೆಯ ಮನೆಯ ಪಡಸಾಲೆಯಲ್ಲಿ ಕೂತು ಒಂದು ಭಜನೆ ಹಾಡಿ, ಅದರಲ್ಲಿ ತುಂಬಿಸಿ ರೇಡಿಯೋದವರಿಗೆ ಕಳಿಸಿದ್ದನಂತೆ. ‘ಗದ್ದಲ ಬಹಳ’ ಎಂದು ಅವರು ತಿರುಗಿ ಕಳಿಸಿದರಂತೆ. ಮಾವನ ಹಾಡು ಕೇಳಿದವರಿಗೆ ಅವರು ಎಷ್ಟು ಮರ್ಯಾದಸ್ಥರೆಂದು ಗೊತ್ತಾಗುತ್ತದೆ!

ಆ ಪಡಸಾಲೆ, ಆ ಓಣಿ ಈಗ ಅಣೆಕಟ್ಟಿನ ಹಿನ್ನೀರಿನ ಕೆಳಗಿವೆ. ಜನ ಬಾಗಿಲು ಚೌಕಟ್ಟು ಕಿತ್ತುಕೊಂಡು ಹೊಸದಾಗಿ ಕಟ್ಟಿದ ನವನಗರಕ್ಕೆ ಹೊರಟ ದಿನಗಳಲ್ಲಿ ಅವ್ವ ಆಪರೇಷನ್ ಮಾಡಿಸಿಕೊಂಡು ದವಾಖಾನೆಯಲ್ಲಿ ಮಲಗಿದ್ದಳು. “ಕೊನೀಗೊಮ್ಮಿ ಮನಿ ನೋಡಲಿಲ್ಲ” ಎಂದು ಇವತ್ತಿಗೂ ಅನ್ನುತ್ತಾಳೆ. ಕಾರಣ ಬೇಕಿಲ್ಲ, ಪಲ್ಯಕ್ಕೆ ಉಪ್ಪು ಹಾಕುತ್ತ ಅನ್ನುತ್ತಾಳೆ. ನಾನು ಆ ಮನೆಯನ್ನು ಕಂಡದ್ದು ಶಾಲೆಯ ಸೂಟಿಯ ದಿನಗಳಲ್ಲಿ ಮಾತ್ರ, ಆದರೂ ಅವಳು ಹಾಗೆಂದಾಗ ನನಗೂ ಅಲ್ಲಿಗೆ ಹೋಗಬೇಕೆನಿಸಿ ಸಂಕಟವಾಗುತ್ತದೆ. ಹೋಗುವುದೆಲ್ಲಿಗೆ?

ಬಾಗಲಕೋಟೆಯ ಅಂಗಡಿಯಲ್ಲಿ ಮೊದಲು ಹೊಸ ಲ್ಯಾಪ್‌ಟಾಪ್ ತೋರಿಸಿದರು. ಮಾವ ಅದನ್ನು ಎಡಕ್ಕೆ ಬಲಕ್ಕೆ ತಿರುಗಿಸಿ, “ಇದಕ್ಕ ಬಾಯಿ ಎಲ್ಲೈತಿ?” ಎಂದ. ಸೀಡಿ ಹಾಕುವ ಜಾಗ ಈಗ ಯಾವುದರಲ್ಲೂ ಬರುವುದಿಲ್ಲವೆಂದು ಅಂಗಡಿಯವನು ಹೇಳಿದ. “ಬಾಯಿಲ್ಲದ ಎತ್ತು ಯಾರ್ ಕಟ್ಟತಾರ್ರಿ?” ಎಂದು ಮಾವ ಕೆಳಗಿಟ್ಟ. ಕಡೆಗೆ ಅಟ್ಟದಿಂದ ಧೂಳು ಹಿಡಿದ ಬಿಡಿ ಸೀಡಿ ರೈಟರ್ ಇಳಿಯಿತು, ನಮ್ಮ ಮನೆಯ ಕಂಪ್ಯೂಟರಿಗೆ ವೈರು ಸಿಗಿಸಿ ಬಳಸುವಂಥದ್ದು. ಮಾವ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನ ಹಾಗೆ ಅದರ ಬಾಯಿ ತೆಗೆಸಿದ, ಮುಚ್ಚಿಸಿದ, ಮತ್ತೆ ತೆಗೆಸಿದ. ಖಾಲಿ ಸೀಡಿಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದ, ಮೂಸಿಯೂ ನೋಡಿದ.

“ಇದು ಭಾಳ ಸ್ಪೀಡ್ ಬರೀತದರಿ” ಎಂದ ಅಂಗಡಿಯವನು.

“ನನಗ ಸ್ಪೀಡ್ ಬ್ಯಾಡ. ಸಾವಕಾಶ ಬರಿಯೂದು ಕೊಡ್ರಿ. ಅವಸರದಾಗ ಬರದದ್ದು ಉಳಿಯಂಗಿಲ್ಲ.”

ಅಷ್ಟು ವರ್ಷ ವ್ಯಾಪಾರ ಮಾಡಿದ ಆ ಮನುಷ್ಯ, ಮೆಲ್ಲಗೆ ಕೆಲಸ ಮಾಡುವ ಯಂತ್ರ ಕೇಳಿದ ಗಿರಾಕಿಯನ್ನು ಅವತ್ತೇ ಮೊದಲು ಕಂಡಿರಬೇಕು.

ಇನ್ನು ಕ್ಯಾಸೆಟ್ ಹಾಕಲು ಟೇಪ್ ರೆಕಾರ್ಡರ್ ಬೇಕಲ್ಲ? ಇಳಕಲ್ಲಿಗೆ ಬರುವ ದಾರಿಯಲ್ಲಿ ಹುನಗುಂದದಲ್ಲಿ ಇಳಿದು, ಒಂದು ಚಹಾದಂಗಡಿಯಲ್ಲಿ ಹಳೆಯದೊಂದನ್ನು ಹಿಡಿದೆವು. “ಟೇಪ್ ತಿಂತೈತೇನು?” ಎಂದು ಮಾವ ಕೇಳಿದ. “ಇಲ್ರಿ, ಭಾಳ ಸಾಧು ಐತಿ” ಎಂದರು ಅಂಗಡಿಯವರು. ಆದರೂ ಬಿಡದೆ ಅಲ್ಲಿದ್ದ ಬೇರೆ ಕ್ಯಾಸೆಟ್ ಹಾಕಿಸಿ ಎರಡೂ ಬದಿ ಪೂರ್ತಿ ಕೇಳಿದ ಮೇಲೆಯೇ ಕೊಂಡ. ಅಷ್ಟರಲ್ಲಿ ನಾನು ಕುಡಿದ ಚಹಾದಿಂದ ಎರಡು ದಿನ ನಿದ್ದೆ ಬರಲಿಲ್ಲ.

ಆಮೇಲೆ ಸಾಫ್ಟ್‌ವೇರಿನ ಸರದಿ. ಮೊದಲು ಇಳಿಸಿಕೊಂಡದ್ದು ಅರ್ಧ ಕೆಲಸ ಮಾಡಿ, ಮುಂದಿನದಕ್ಕೆ ದುಡ್ಡು ಕೇಳಿತು. “ಊಟಕ್ಕ ಕರದು ನಡುವ ಎಲಿ ಎತ್ತೂ ಮಂದಿ ಇವರು” ಎಂದು ಮಾವ ಅದನ್ನು ತೆಗೆಸಿಹಾಕಿದ. ಇನ್ನೊಂದು ಪುಕ್ಕಟೆಯದು, ಏನು ಮಾಡುವ ಮೊದಲೂ ‘ಖಂಡಿತವಾಗಿ ಮಾಡಲೇ?’ ಎಂದು ಕೇಳುತ್ತಿತ್ತು. ಅದು ಮಾವನ ಮನಸ್ಸಿಗೆ ಬಂತು. “ಕೇಳಿ ಮಾಡ್ತೈತಿ ನೋಡು, ಮನತನಸ್ಥರದು.”

ಆ ಮನೆತನಸ್ಥ ಸಾಫ್ಟ್‌ವೇರಿನಲ್ಲಿ ಗದ್ದಲ ತೆಗೆಯುವ ಸೌಕರ್ಯವೂ ಇತ್ತು. ನಾನು ಉತ್ಸಾಹದಿಂದ ಕೂತು ಹಾಡಿನ ಹಿಂದೆ ಕೇಳುತ್ತಿದ್ದ ಗಿರಣಿಯ ಸದ್ದು ತೆಗೆದೆ. ಬಾಗಿಲ ಚಿಲಕದ ಸದ್ದು, ಬೀದಿಯಲ್ಲಿ ಮಾರುವವರ ಕೂಗು, ನಡುವೆ ಅಜ್ಜಿ ಏನೋ ಅಂದದ್ದು, ಎಲ್ಲವನ್ನೂ ಕತ್ತರಿಸಿದೆ. ಮಾವನ ಭಜನೆ ತೊಳೆದ ತಾಟಿನ ಹಾಗಾಯಿತು. ಕೇಳಿಸಿದೆ. ಮಾವನ ಮುಖ ಇಳಿದುಹೋಯಿತು.

“ಎಲ್ಲಾ ತಗದ್ಯಲ್ಲೋ” ಎಂದ.

“ಗದ್ಲ ಅಷ್ಟ ತಗದೇನಿ ಮಾವಾ. ಹಾಡು ಸ್ವಚ್ಛ ಆಗೇತಿ.”

“ಹಾಡು ಯಾರಿಗೆ ಬೇಕಾಗಿತ್ತಲೇ? ನಾ ಹಾಡಿದ್ದು ನನಗ ಕೇಳಾಕ ಆಗಂಗಿಲ್ಲ. ನಿಮ್ಮವ್ವಗ ಮನಿ ಕೇಳಸ್ಬೇಕು. ಹಾಡು ತಗಿ, ಗದ್ಲ ಇಡು.”

ಇಷ್ಟೆಲ್ಲ ಓಡಾಟ ಅವನ ಹಾಡಿಗಾಗಿ ಎಂದೇ ತಿಳಿದು ನಾನು ಒಳಗೊಳಗೇ ನಗುತ್ತಿದ್ದೆ. ಪುಣ್ಯಕ್ಕೆ ಮೂಲದ ಪ್ರತಿ ಹಾಗೇ ಇತ್ತು. ಆದರೆ ಹಾಡನ್ನು ಮಾತ್ರ ಬೇರೆ ಮಾಡಲು ನನ್ನಿಂದ ಆಗಲಿಲ್ಲ. ಮನೆ ಬೇಕೆಂದರೆ ಮಾವನ ರಾಗವನ್ನೂ ಸಹಿಸಲೇಬೇಕು. “ಆತು, ಅಕ್ಕ ಮೊದ್ಲಿಂದ ಸಹಿಸ್ಯಾಳ” ಎಂದು ಅವನೇ ಸಮಾಧಾನ ಮಾಡಿಕೊಂಡ.

ಸೀಡಿ ಬರೆಯುವಾಗ ನೆಲ ಅದುರಿದರೆ ಅಕ್ಷರಗಳು ಕೆಡುತ್ತವೆ ಎಂಬುದು ಮಾವನ ಸಿದ್ಧಾಂತ. ಫ್ಯಾನ್ ಬಂದಾಯಿತು. ನನ್ನ ಹೆಂಡತಿ ಅಡಿಗೆಮನೆಯಲ್ಲಿ ಲಟ್ಟಣಿಗೆ ಹಿಡಿದು ನಿಂತಲ್ಲೇ ನಿಂತಳು. ಸಾಲದೆಂದು ಮಾವ ಪಕ್ಕದ ಮನೆಗೆ ಹೋಗಿ, ಸೀರೆ ನೇಯುತ್ತಿದ್ದವರಿಗೆ ಮಗ್ಗ ನಿಲ್ಲಿಸಲು ಹೇಳಿದ.

“ಎಷ್ಟೊತ್ತು ನಿಲ್ಲಸ್ಬೇಕ್ರಿ?”

“ಒಂದ್ ಹಾಡು ಬರಿಯೂತನಕ.”

“ನೀವು ಹಾಡಿದ್ದೇನ್ರಿ? ಹಂಗಾರ ಊರ ಹೊರಗ ಹೋಗಿ ಬರ್ತೇನಿ.”

ಗದ್ದಲ ಉಳಿಸಲು ಇಡೀ ಓಣಿಯನ್ನು ಸುಮ್ಮನಾಗಿಸಿದವನು ನಮ್ಮ ಮಾವನೊಬ್ಬನೇ ಇರಬೇಕು!

ಸೀಡಿಯನ್ನು ಅವ್ವನ ಕೈಗೆ ಕೊಟ್ಟೆವು. ಅವಳೇ ಗುಂಡಿ ಒತ್ತಿದಳು. ಭಜನೆ ಶುರುವಾಯಿತು. “ಅಯ್ಯ, ಮತ್ತ ಇದನ್ನ ತಂದ್ಯಾ?” ಎಂದು ನಕ್ಕಳು. ಸ್ವಲ್ಪ ಹೊತ್ತಿಗೆ ನಗು ನಿಂತಿತು. “ಹಿಟ್ಟಿನ ಗಿರಣಿ” ಎಂದಳು. “ನಮ್ಮ ತಲಬಾಗಿಲ ಚಿಲಕ” ಎಂದಳು. ಕತ್ತು ಮುಂದೆ ಚಾಚಿ, ಕಾಣದ ಕಣ್ಣನ್ನು ಅಗಲ ಮಾಡಿಕೊಂಡು, ತಾನು ಕೊನೆಗೊಮ್ಮೆ ನೋಡದೆ ಉಳಿದ ಮನೆಯೊಳಗೆ ಒಂದೊಂದೇ ಹೆಜ್ಜೆ ಇಡುತ್ತಿದ್ದಳು.

ಆಗ ಹಾಡಿನ ನಡುವೆ ಅಜ್ಜಿಯ ದನಿ ಬಂತು. “ಸಾಕ್ ಮಾಡೋ ನಿನ್ನ ಹಾಡು. ಅಕ್ಕನ್ನ ಕರಿ, ರೊಟ್ಟಿ ಆರಾಕತ್ತಾವ.”

ಟೇಪಿನೊಳಗಿನ ಹುಡುಗ ತಾಯಿಯ ಮಾತು ಕಿವಿಗೇ ಹಾಕಿಕೊಳ್ಳದೆ ಹಾಡುತ್ತಲೇ ಹೋದ. ಮುಗಿಯುವ ತನಕ ಅವ್ವ ಅಲ್ಲಾಡಲಿಲ್ಲ.

“ಅವತ್ತ ನೀ ನನ್ನ ಕರೀಲೇ ಇಲ್ಲಲ್ಲೋ” ಎಂದಳು ಕಡೆಗೆ.

ಮಾವ ಅವಳ ಎದುರು ನೆಲದ ಮೇಲೆ ಕೂತಿದ್ದ. ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

“ಈಗ ಕರಿಯಾಕ ಬಂದೇನಲ್ಲಕ್ಕ” ಎಂದ. “ಬಾ.”